ಮರಳಿ ಎದ್ದ ರೇಣುಕೆ ಯಾರು? : ಎಲ್ಲಮ್ಮನ ಕಥನಗಳಲ್ಲಿ ಮೂಲ ಮತ್ತು ಅನನ್ಯತೆಯ ಪ್ರಶ್ನೆ

ಯರಗಟ್ಟಿ, ಸವದತ್ತಿ, ರಾಮದುರ್ಗ ಪರಿಸರದ ಜನಜೀವನದಲ್ಲಿ ಎಲ್ಲಮ್ಮನ ಗುಡ್ಡಕ್ಕೆ ವಿಶಿಷ್ಟ ಸ್ಥಾನವಿದೆ. ಇಲ್ಲಿಯ ದೇವಿಯನ್ನು ಜಮದಗ್ನಿಯ ಪತ್ನಿ, ಪರಶುರಾಮನ ತಾಯಿ ರೇಣುಕೆಯೊಂದಿಗೆ ಅಭಿನ್ನವಾಗಿ ಕಾಣಲಾಗುತ್ತದೆ. ಈ ಆರಾಧನೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಆಚರಣೆ, ದೇವದಾಸಿ ಪದ್ಧತಿ ಹಾಗೂ ಚೌಡಿಕೆ ಪದಗಳ ನೆಲೆಯಲ್ಲಿ ನಡೆದಿವೆ. ಆದರೆ ಕಥನದ ಒಡಲಲ್ಲಿಯೇ ಒಂದು ತಾತ್ವಿಕ ಪ್ರಶ್ನೆಯಿದೆ: ಶಿರಚ್ಛೇದದ ನಂತರ ಮರಳಿ ಎದ್ದವಳು ಮೊದಲಿನ ರೇಣುಕೆಯೇ?

ಮಹಾಭಾರತದ ವನಪರ್ವದಲ್ಲಿ ಪರಶುರಾಮನು ತಂದೆಯಿಂದ ಬೇಡುವ ವರಗಳಲ್ಲಿ ತಾಯಿ ಬದುಕಬೇಕೆಂಬುದು ಒಂದು. ವಧೆಯ ನೆನಪು ಉಳಿಯಬಾರದೆಂಬುದು ಮತ್ತೊಂದು. ಭಾಗವತದ ನವಮ ಸ್ಕಂಧವೂ ಈ ಮರೆವನ್ನು ಉಳಿಸಿಕೊಂಡಿದೆ. ನಿದ್ರೆಗೆ ಜಾರಿದವನೇ ಎಚ್ಚರಗೊಳ್ಳುತ್ತಾನೆ ಎಂಬುದಕ್ಕೆ ಬ್ರಹ್ಮಸೂತ್ರವು (3.2.9) ಕರ್ಮ, ಅನುಸ್ಮೃತಿ, ಶಬ್ದ, ವಿಧಿ ಎಂಬ ನಾಲ್ಕು ಹೇತುಗಳನ್ನು ನೀಡುತ್ತದೆ. ಇಲ್ಲಿ ಸ್ಮೃತಿಯು ಅನನ್ಯತೆಯ ಕುರುಹುಗಳಲ್ಲಿ ಒಂದೇ ಹೊರತು ಅದರ ಸರ್ವಸ್ವವಲ್ಲ. ಆದ್ದರಿಂದ ತನ್ನ ಸಾವನ್ನೇ ಮರೆತ ರೇಣುಕೆಯೂ ಪುರಾಣದ ದೃಷ್ಟಿಯಲ್ಲಿ ರೇಣುಕೆಯೇ.

ದಕ್ಷಿಣ ಭಾರತದ ಮೌಖಿಕ ಪರಂಪರೆಯು ಈ ಸಮಾಧಾನವನ್ನು ಕದಡುತ್ತದೆ. ಅದರ ಕೆಲವು ಪಠ್ಯಗಳಲ್ಲಿ ರೇಣುಕೆಯ ತಲೆ ಅಸ್ಪೃಶ್ಯ ಸ್ತ್ರೀಯೊಬ್ಬಳ ದೇಹಕ್ಕೆ ಕೂಡಿಕೊಳ್ಳುತ್ತದೆ. ಮಾರಿಯಮ್ಮನ ಸಂಬಂಧದಲ್ಲಿ ಇಂಥದೊಂದು ಪಾಠವನ್ನು ಫ್ರೆಂಚ್ ಪ್ರವಾಸಿ ಸೊನ್ನೆರಾ 1782ರಲ್ಲಿ ಪ್ರಕಟಿಸಿದನು. ತಲೆ ಅದಲುಬದಲಾದ ಇಂಥದೇ ಸಮಸ್ಯೆ ಬೇತಾಳ ಕಥೆಯಲ್ಲಿಯೂ ಇದೆ. ಅಲ್ಲಿಯ ತೀರ್ಪಿನಂತೆ ಅಂಗಗಳಲ್ಲಿ ತಲೆಯೇ ಶ್ರೇಷ್ಠವಾದುದರಿಂದ ತಲೆ ಯಾರದೋ ವ್ಯಕ್ತಿ ಅವನೇ. ಗಿರೀಶ ಕಾರ್ನಾಡರ ‘ಹಯವದನ’ (1971) ಈ ತೀರ್ಪನ್ನು ಒಪ್ಪಿದಂತೆ ತೋರಿದರೂ, ದೇಹಕ್ಕೂ ತನ್ನದೇ ನೆನಪುಗಳಿವೆ ಎಂಬುದನ್ನು ಕಪಿಲನ ಮೂಲಕ ಮುಂದಿಡುತ್ತದೆ.

ಎಲ್ಲಮ್ಮನ ಕಥನಕ್ಕೆ ಬೇತಾಳನ ತೀರ್ಪನ್ನು ಅನ್ವಯಿಸಿದರೆ ಆಗುವ ಪರಿಣಾಮವನ್ನು ಗಮನಿಸಬೇಕು. ದೇವಿ ರೇಣುಕೆಯಾಗಿ ಉಳಿಯುತ್ತಾಳೆ. ದೇಹವನ್ನಿತ್ತ ಹೆಣ್ಣು ಹೆಸರಿಲ್ಲದೆ ಅಳಿಯುತ್ತಾಳೆ. ತಲೆಯ ಶ್ರೇಷ್ಠತೆ ಪುರುಷಸೂಕ್ತದ ವರ್ಣರೂಪಕದೊಂದಿಗೆ ಬೆಸೆದುಕೊಂಡಿರುವುದರಿಂದ ಇದು ಕೇವಲ ತಾತ್ವಿಕ ನಿರ್ಣಯವಲ್ಲ, ಸಾಮಾಜಿಕ ನಿರ್ಣಯವೂ ಹೌದು. ವರ್ಣ, ಆಶ್ರಮಾದಿಗಳು ಆತ್ಮದ ಮೇಲಿನ ಆರೋಪಗಳೆಂದು ಶಂಕರರ ಅಧ್ಯಾಸಭಾಷ್ಯ ಹೇಳುತ್ತದೆ. ಆ ನೆಲೆಯಿಂದ ನೋಡಿದರೆ ತಲೆಗಾಗಲಿ ಮುಂಡಕ್ಕಾಗಲಿ ವ್ಯಕ್ತಿಯನ್ನು ನಿರ್ಣಯಿಸುವ ಅಧಿಕಾರವಿಲ್ಲ. ಆದರೆ ಈ ಸಮತೆ ಆತ್ಮದ ಮಟ್ಟದಲ್ಲಿ ನಿಲ್ಲುತ್ತದೆ. ಕಥನವಾದರೋ ಎರಡು ಸಮುದಾಯಗಳನ್ನು ಒಂದೇ ಒಡಲಲ್ಲಿ ನಿಲ್ಲಿಸುತ್ತದೆ. ಗುಡ್ಡದಲ್ಲಿ ಜಮದಗ್ನಿ, ಪರಶುರಾಮರ ಗುಡಿಗಳೊಂದಿಗೆ ಮಾತಂಗಿಯ ಗುಡಿಯೂ ಇರುವುದು ಈ ಸಹವಾಸಕ್ಕೆ ಸಾಕ್ಷಿ.

ಪುರಾಣದ ರೇಣುಕೆಯನ್ನು ‘ಮೂಲ’ವೆಂದೂ ಜನಪದದ ಎಲ್ಲಮ್ಮನನ್ನು ಅದರ ‘ರೂಪಾಂತರ’ವೆಂದೂ ವಿಂಗಡಿಸುವ ಸಂಶೋಧನಾ ಕ್ರಮ ತನಗರಿವಿಲ್ಲದೆಯೇ ತಲೆಯ ಪರವಾಗಿ ತೀರ್ಪು ನೀಡುತ್ತದೆ. ಎಲ್ಲಮ್ಮನೆಂದರೆ ಎಲ್ಲರ ಅಮ್ಮ ಎಂದು ಭಕ್ತರು ಅರ್ಥೈಸುತ್ತಾರೆ. ಭಾಷಾಶಾಸ್ತ್ರೀಯವಾಗಿ ಈ ನಿಷ್ಪತ್ತಿ ಹೇಗೇ ಇರಲಿ, ಅನನ್ಯತೆಯನ್ನು ಹುಟ್ಟಿನಲ್ಲಿ ಹುಡುಕದೆ ಸಂಬಂಧದಲ್ಲಿ ಕಾಣುವ ತಾತ್ವಿಕತೆ ಅದರಲ್ಲಿದೆ. ಎಲ್ಲಮ್ಮನ ಪಠ್ಯಗಳ ಅಧ್ಯಯನವು ಈ ಲೋಕತತ್ವವನ್ನು ಶಾಸ್ತ್ರದ ಸಮಕ್ಕೆ ಇರಿಸಿ ಪರಿಶೀಲಿಸಬೇಕಾಗಿದೆ.