ಮಜ್ಜಿಗೆ ಹುಲ್ಲಿನ ಭಟ್ಟಿಯಲ್ಲಿ ಅಳತೆ ಮತ್ತು ದಾಖಲೆ

ಶೃಂಗೇರಿ, ಕೊಪ್ಪ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಹಳೆಯ ಶತ್ರು. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಜೊತೆಗೂಡಿದೆ. ಮುತ್ತಿನಕೊಪ್ಪದಂಥ ಕಾಡಂಚಿನ ಊರುಗಳಲ್ಲಿ ಕಾಡುಪ್ರಾಣಿಗಳ ಕಾಟ ಬೇರೆ. ಇಂಥ ಕಡೆ ಇಳಿಜಾರಿನ ಖುಷ್ಕಿ ಜಮೀನಿನಲ್ಲಿ ಬರುವ, ದನಕರುಗಳು ಸಾಮಾನ್ಯವಾಗಿ ಮುಟ್ಟದ ಮಜ್ಜಿಗೆ ಹುಲ್ಲು ಉಪಬೆಳೆಯಾಗಿ ಯೋಚಿಸತಕ್ಕದ್ದೇ. ನಿಂಬೆ ಹುಲ್ಲು ಎಂದೂ ಇದನ್ನು ಕರೆಯುವುದುಂಟು. ಆದರೆ ಹುಲ್ಲು ಬೆಳೆದ ಮಾತ್ರಕ್ಕೆ ಹಣ ಬರುವುದಿಲ್ಲ. ಹಣ ಬರುವುದು ಎಣ್ಣೆಯಿಂದ. ಎಣ್ಣೆ ಕೈಗೆ ಸಿಗುವುದೂ, ಕಳೆದುಹೋಗುವುದೂ ಭಟ್ಟಿಯಲ್ಲಿ.

ಭಟ್ಟಿ ಎಂದೊಡನೆ ಕೆಲವರು ಹುಬ್ಬೇರಿಸಬಹುದು. ಇಲ್ಲಿ ಹೇಳುತ್ತಿರುವುದು ಸಾರಾಯಿಯ ಭಟ್ಟಿಯಲ್ಲ, ಆವಿಯಿಂದ ಸುಗಂಧ ತೈಲ ತೆಗೆಯುವ ಭಟ್ಟಿ. ಹಂಡೆಯ ಜಾಲರಿಯ ಮೇಲೆ ಹುಲ್ಲನ್ನು ತುಂಬಿ, ಕೆಳಗಿನಿಂದ ಆವಿ ಹಾಯಿಸಿದರೆ ಎಲೆಯ ಎಣ್ಣೆ ಆವಿಯೊಡನೆ ಮೇಲೇರುತ್ತದೆ. ತಣ್ಣೀರಿನಲ್ಲಿ ಮುಳುಗಿದ ಸುರುಳಿ ಕೊಳವೆಯಲ್ಲಿ ಎರಡೂ ದ್ರವವಾಗುತ್ತವೆ. ಎಣ್ಣೆ ನೀರಿಗಿಂತ ಹಗುರವಾದುದರಿಂದ ಬೇರ್ಪಡಿಸುವ ಪಾತ್ರೆಯಲ್ಲಿ ಮೇಲೆ ನಿಲ್ಲುತ್ತದೆ. ಹಸಿ ಹುಲ್ಲಿನ ತೂಕದಲ್ಲಿ ಸಾಮಾನ್ಯವಾಗಿ ಶೇ. 0.3ರಿಂದ 0.6ರಷ್ಟು ಎಣ್ಣೆ ದೊರೆಯುತ್ತದೆ. ಅಂದರೆ 500 ಕಿಲೋ ಹುಲ್ಲಿಗೆ ಒಂದೂವರೆಯಿಂದ ಮೂರು ಕಿಲೋ. ಇಷ್ಟು ಅಲ್ಪ ಉತ್ಪನ್ನದಲ್ಲಿ 200 ಗ್ರಾಂ ನಷ್ಟವಾದರೂ ಲೆಕ್ಕ ತಲೆಕೆಳಗಾಗುತ್ತದೆ. ನಷ್ಟ ಎಲ್ಲಾಯಿತೆಂದು ಕಣ್ಣಿಗೆ ಕಾಣುವುದಿಲ್ಲ.

ಆದ್ದರಿಂದ ಪ್ರತಿ ಭಟ್ಟಿಯ ಅಳತೆಗಳನ್ನೂ ಬರೆದಿಡಬೇಕು. ದೊಡ್ಡ ಕಾರ್ಖಾನೆಗಳಲ್ಲಿ ಈ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. ಸಣ್ಣ ಭಟ್ಟಿಗೆ ಒಂದು ಡಿಜಿಟಲ್ ತಕ್ಕಡಿ, ತಂತಿಯ ತುದಿಯಲ್ಲಿ ಸಂವೇದಕವಿರುವ ಎರಡು ಡಿಜಿಟಲ್ ತಾಪಮಾಪಕಗಳು, ಒಂದು ಅಳತೆಯ ಜಾಡಿ ಮತ್ತು ಕೈಲಿರುವ ಮೊಬೈಲು ಸಾಕು. ತಾಪಮಾನವನ್ನು ತಾನೇ ನಿಮಿಷ ನಿಮಿಷಕ್ಕೂ ದಾಖಲಿಸಿಕೊಳ್ಳುವ ಲಾಗರ್ ಎಂಬ ಸಾಧನವೂ ಸಿಗುತ್ತದೆ. ರಾತ್ರಿ ಭಟ್ಟಿ ನಡೆಸುವವರಿಗೆ ಅದು ಉಪಯುಕ್ತ. ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ತನ್ನು ನಂಬುವಂತಿಲ್ಲವಾದ್ದರಿಂದ ಬ್ಯಾಟರಿಯಿಂದ ನಡೆಯುವುದನ್ನೇ ಕೊಳ್ಳುವುದು ಲೇಸು.

ಮೊದಲನೆಯ ತಾಪಮಾಪಕವನ್ನು ಹಂಡೆಯ ಮುಚ್ಚಳದ ಬಳಿ ಆವಿ ಹೊರಡುವ ಕೊಳವೆಯಲ್ಲಿ ಕೂರಿಸಬೇಕು. ಅದು 100 ಡಿಗ್ರಿ ತೋರಿಸಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಎತ್ತರ ಪ್ರತಿ 300 ಮೀಟರು ಹೆಚ್ಚಿದಂತೆ ನೀರು ಕುದಿಯುವ ತಾಪ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನಮ್ಮ ಮಲೆನಾಡಿನಲ್ಲಿ ಅದು 98ರ ಆಸುಪಾಸು. ತಿಂಗಳಿಗೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸುವುದು ಒಳ್ಳೆಯದು. ಎರಡನೆಯದನ್ನು ಸುರುಳಿಯಿಂದ ದ್ರವ ಹೊರಬೀಳುವ ಬಾಯಿಯಲ್ಲಿಡಬೇಕು.

ಈ ಎರಡು ಅಂಕಿಗಳನ್ನು ಎಣ್ಣೆಯ ಅಳತೆಯೊಡನೆ ಸೇರಿಸಿ ಓದಿದಾಗ ಭಟ್ಟಿಯ ಒಳಗಿನ ಸ್ಥಿತಿ ತಿಳಿಯುತ್ತದೆ. ಮೇಲಿನ ತಾಪ ಎಂದಿಗಿಂತ ಬೇಗ 98ಕ್ಕೆ ಏರಿ, ಎಣ್ಣೆ ಮಾತ್ರ ನಿಧಾನವಾಗಿ ಬರುತ್ತಿದ್ದರೆ, ಹುಲ್ಲನ್ನು ಸಮನಾಗಿ ತುಳಿದು ತುಂಬಿಲ್ಲ, ಆವಿ ಒಂದು ಸಂದು ಹುಡುಕಿಕೊಂಡು ನೇರ ಮೇಲೆ ಹೋಗುತ್ತಿದೆ ಎಂದು ತಿಳಿಯಬೇಕು. ಮೇಲಿನ ತಾಪ ನಡುವೆ ಕುಸಿದರೆ ಬೆಂಕಿ ಸಾಲದು. ಹೊರಬರುವ ದ್ರವದ ತಾಪ 40 ಡಿಗ್ರಿ ದಾಟಿದರೆ ಎಣ್ಣೆ ಗಾಳಿಗೆ ಹೋಗುತ್ತದೆ. ನೀರಿನಿಂದ ಸರಿಯಾಗಿ ಬೇರ್ಪಡುವುದೂ ಇಲ್ಲ. ಮಾರ್ಚ್-ಏಪ್ರಿಲಿನಲ್ಲಿ ಹಳ್ಳದ ನೀರು ಬತ್ತಿ, ತೊಟ್ಟಿಯ ನೀರನ್ನೇ ಮತ್ತೆ ಮತ್ತೆ ಬಳಸುವಾಗ ಹೀಗಾಗುವ ಸಂಭವ ಹೆಚ್ಚು. ಮೂಗಿಗೆ ಘಮ್ಮೆನ್ನುವ ಭಟ್ಟಿಮನೆ ಎಷ್ಟೋ ಸಲ ಎಣ್ಣೆ ಕಳೆದುಕೊಳ್ಳುತ್ತಿರುವ ಭಟ್ಟಿಮನೆಯೇ.

ಇನ್ನು ಬೆಂಕಿಯನ್ನು ಯಾವಾಗ ನಿಲ್ಲಿಸಬೇಕೆಂಬುದು. ಇದಕ್ಕಾಗಿ ಮೊದಲ ಹನಿ ಬಿದ್ದ ಹೊತ್ತನ್ನು ಗುರುತಿಸಿಕೊಂಡು, ಅಲ್ಲಿಂದ ಅರ್ಧ ಗಂಟೆಗೊಮ್ಮೆ ಎಣ್ಣೆಯನ್ನು ಅಳೆಯಬೇಕು. ಒಂದು ಕಲ್ಪಿತ ಉದಾಹರಣೆ ನೋಡೋಣ. 500 ಕಿಲೋ ಹುಲ್ಲಿಗೆ ಅರ್ಧರ್ಧ ಗಂಟೆಗೆ ಬಂದ ಎಣ್ಣೆ ಅನುಕ್ರಮವಾಗಿ 800, 650, 400, 200, 90, 40 ಮತ್ತು 20 ಮಿಲಿ ಲೀಟರ್ ಎಂದಿಟ್ಟುಕೊಳ್ಳಿ. ಒಟ್ಟು 2,200 ಮಿ.ಲೀ. ಇದರಲ್ಲಿ 2,140 ಮಿ.ಲೀ. ಮೊದಲ ಎರಡೂವರೆ ಗಂಟೆಯಲ್ಲೇ ಬಂದಿದೆ. ಕೊನೆಯ ಒಂದು ಗಂಟೆಯ ಗಳಿಕೆ 60 ಮಿ.ಲೀ., ತೂಕದಲ್ಲಿ ಸುಮಾರು 53 ಗ್ರಾಂ. ಎಣ್ಣೆಗೆ ಕಿಲೋಗೆ 1,000 ರೂ. ಎಂದು ಹಿಡಿದರೆ 53 ರೂಪಾಯಿ. ಆ ಒಂದು ಗಂಟೆಗೆ 25 ಕಿಲೋ ಸೌದೆ ಉರಿದು, ಸೌದೆ ಕಿಲೋಗೆ 4 ರೂ. ಆಗಿದ್ದರೆ ಖರ್ಚು 100 ರೂಪಾಯಿ. ಆಳಿನ ಕೂಲಿ ಇನ್ನೂ ಸೇರಿಲ್ಲ. ನಿಮ್ಮ ಊರಿನ ದರ ಹಾಕಿ ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಿ.

ಆದರೆ ಇದರಿಂದ ಎಲ್ಲ ಭಟ್ಟಿಗೂ ಎರಡೂವರೆ ಗಂಟೆ ಸಾಕೆಂದು ತಿಳಿಯುವುದು ತಪ್ಪು. ಮಳೆಯಲ್ಲಿ ನೆಂದ ಹುಲ್ಲನ್ನು ತುಂಬಿದ ದಿನ, ಅಥವಾ ಹಸಿ ಸೌದೆಯ ದಿನ, ಎಣ್ಣೆ ನಿಧಾನವಾಗಿ ಇಳಿಯುತ್ತದೆ. ಅಂದು ಗಡಿಯಾರ ನೋಡಿ ನಿಲ್ಲಿಸಿದರೆ ಎಣ್ಣೆಯನ್ನು ಗೊಬ್ಬರದ ಗುಂಡಿಗೆ ಎಸೆದಂತೆಯೇ. ನಿಲ್ಲಿಸುವ ಸಮಯವನ್ನು ಗಡಿಯಾರವಲ್ಲ, ಅರ್ಧ ಗಂಟೆಯ ಅಳತೆ ಹೇಳಬೇಕು.

ಭಟ್ಟಿಯ ಅಂಕಿಗಳ ಜೊತೆಗೆ ಹುಲ್ಲಿನ ವಿವರವೂ ಇರಬೇಕು: ಯಾವ ತಾಕು, ಯಾವ ತಳಿ, ಹಿಂದಿನ ಕೊಯ್ಲಾಗಿ ಎಷ್ಟು ದಿನ, ಕೊಯ್ದು ಎಷ್ಟು ಹೊತ್ತು ಬಾಡಿಸಿದ್ದು, ತುಂಬಿದ ತೂಕ, ಸೌದೆಯ ತೂಕ. ಓಡಕ್ಕಾಲಿ ಸಂಶೋಧನಾ ಕೇಂದ್ರದ ಸುಗಂಧಿಯನ್ನೂ, ಸಿಮ್ಯಾಪ್ ಸಂಸ್ಥೆಯ ಕೃಷ್ಣ ತಳಿಯನ್ನೂ ಬೆರೆಸಿ ಭಟ್ಟಿಗೆ ಹಾಕಿದರೆ ಯಾವುದು ನಿಮ್ಮ ಮಣ್ಣಿಗೆ ಒಗ್ಗಿತೆಂದು ಎಂದಿಗೂ ಗೊತ್ತಾಗದು. ಒಂದು ವರ್ಷದ ದಾಖಲೆ ಕೈಲಿದ್ದರೆ, ಯಾವ ತಾಕಿನ ಹುಲ್ಲನ್ನು ಕಿತ್ತು ಹೊಸದಾಗಿ ನೆಡಬೇಕೆಂಬುದು ಊಹೆಯ ಮಾತಾಗಿ ಉಳಿಯುವುದಿಲ್ಲ.

ಖರೀದಿದಾರರು ಬೆಲೆ ಕಟ್ಟುವುದು ಮುಖ್ಯವಾಗಿ ಎಣ್ಣೆಯಲ್ಲಿರುವ ಸಿಟ್ರಾಲ್ ಅಂಶದ ಮೇಲೆ. ಅದನ್ನು ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬೇಕು. ಆದುದರಿಂದ ಪ್ರತಿ ಡಬ್ಬಿಯ ಮೇಲೂ ಭಟ್ಟಿಯ ಸಂಖ್ಯೆ ಮತ್ತು ತಾರೀಖು ಬರೆಯಿರಿ. ನೀರಿನಂಶ ಪೂರ್ತಿ ತೆಗೆದ ಎಣ್ಣೆಯಲ್ಲಿ ಸ್ವಲ್ಪವನ್ನು ಬಣ್ಣದ ಗಾಜಿನ ಶೀಶೆಯಲ್ಲಿ ತುಂಬಿ, ಅದೇ ಸಂಖ್ಯೆ ಹಚ್ಚಿ, ಬಿಸಿಲು ಬೀಳದ ಕಡೆ ಇರಿಸಿಕೊಳ್ಳಿ. ಮುಂದೆ ಸಿಟ್ರಾಲ್ ಕಡಿಮೆ ಎಂಬ ತಕರಾರು ಬಂದರೆ ಶೀಶೆಯನ್ನು ಪರೀಕ್ಷೆಗೆ ಕಳುಹಿಸಬಹುದು. ದಾಖಲೆ ತೆರೆದು ಅಂದಿನ ಹುಲ್ಲು ಬಲಿತು ಹೋಗಿತ್ತೇ, ಬೇರೆ ಏನಾಗಿತ್ತೆಂದು ನೋಡಬಹುದು. ಮೊಬೈಲಿನಲ್ಲಿ ಬರೆಯುವವರು ವಾರಕ್ಕೊಮ್ಮೆ ಅಂಕಿಗಳನ್ನು ನೋಟ್‌ಬುಕ್ಕಿಗೂ ಇಳಿಸಿಕೊಳ್ಳಬೇಕು, ಏಕೆಂದರೆ ಭಟ್ಟಿಮನೆಯ ಹಬೆ ಮೊಬೈಲಿಗೆ ಆಗಿಬರುವುದಿಲ್ಲ.