ಮಗುವಿನ ತೂಕಕ್ಕೆ ಯಾವ ನಕ್ಷೆ?



ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮದ ಆಸುಪಾಸಿನವರಿಗೆ ಮಳೆಗಾಲದ ಹೊಳೆಯ ರೀತಿ ಹೊಸದಲ್ಲ. ನೀರು ಇಂದು ಎಲ್ಲಿಯವರೆಗೆ ಬಂದಿದೆ ಎಂದು ತಿಳಿದರೆ ಸಾಲದು. ನಿನ್ನೆಗಿಂತ ಏರಿದೆಯೋ ಇಳಿದಿದೆಯೋ ಎಂಬುದನ್ನೂ ದಂಡೆಯ ರೈತನು ನೋಡುತ್ತಾನೆ. ಮಗುವಿನ ತೂಕವೂ ಹೀಗೆಯೇ.

ಅಂಕಿಗಳನ್ನು ಚಿತ್ರರೂಪದಲ್ಲಿ ತೋರಿಸುವುದಕ್ಕೆ ನಕ್ಷೆ ಎನ್ನುತ್ತಾರೆ. ಮುಖ್ಯವಾದ ನಕ್ಷೆಗಳು ಮೂರು:

1. ವೃತ್ತನಕ್ಷೆ: ರೊಟ್ಟಿಯನ್ನು ಪಾಲು ಮಾಡಿದಂತೆ, ಇಡೀ ಒಂದರಲ್ಲಿ ಯಾವುದರ ಪಾಲು ಎಷ್ಟೆಂದು ತೋರಿಸುತ್ತದೆ. ಇಳಕಲ್ಲಿನ ನೇಕಾರರ ಮನೆಯ ತಿಂಗಳ ಗಳಿಕೆಯಲ್ಲಿ ದಿನಸಿಗೆಷ್ಟು, ಔಷಧಕ್ಕೆಷ್ಟು ಎಂದು ತಿಳಿಯಲು ಇದು ತಕ್ಕುದು.

2. ಸ್ತಂಭನಕ್ಷೆ: ಬೇರೆ ಬೇರೆ ವಸ್ತುಗಳನ್ನು ಹೋಲಿಸುತ್ತದೆ. ಹೊಲದಲ್ಲಿ ಜೋಳ, ಕಡಲೆ, ತೊಗರಿ ಎಷ್ಟೆಷ್ಟು ಚೀಲ ಬಂದವೆಂದು ನೋಡಲು ಇದು ಒಳ್ಳೆಯದು.

3. ರೇಖಾನಕ್ಷೆ: ಕಾಲ ಕಳೆದಂತೆ ಒಂದೇ ವಸ್ತು ಹೇಗೆ ಬದಲಾಯಿತೆಂದು ತೋರಿಸುತ್ತದೆ.

ಈಗ ಒಂದು ಉದಾಹರಣೆಯನ್ನು ಗಮನಿಸಿರಿ. ಒಂದು ಹೆಣ್ಣುಮಗುವಿನ ತೂಕ ಆರನೆಯ ತಿಂಗಳಲ್ಲಿ 6.6 ಕಿಲೋ, ಏಳು, ಎಂಟು, ಒಂಬತ್ತನೆಯ ತಿಂಗಳುಗಳಲ್ಲಿ 6.7 ಕಿಲೋ. ಇದನ್ನು ಸ್ತಂಭಗಳಾಗಿ ಬರೆದರೆ ನಾಲ್ಕೂ ಒಂದೇ ಎತ್ತರವಾಗಿ ಕಾಣುತ್ತವೆ. ಎಲ್ಲವೂ ಸರಿಯಿದೆ ಎಂದು ಮನಸ್ಸು ನಂಬುತ್ತದೆ. ರೇಖೆಯಾಗಿ ಬರೆದಾಗ ನಿಜ ತಿಳಿಯುತ್ತದೆ. ಈ ಮೂರು ತಿಂಗಳಲ್ಲಿ ಹೆಣ್ಣುಮಕ್ಕಳ ತೂಕ ಸಾಮಾನ್ಯವಾಗಿ ಸುಮಾರು 900 ಗ್ರಾಂ ಹೆಚ್ಚುತ್ತದೆ. ನಕ್ಷೆಯ ದಾರಿ ಮೇಲೇರಿದೆ, ಮಗುವಿನ ಗೆರೆ ಮಾತ್ರ ಅಡ್ಡವಾಗಿ ಉಳಿದಿದೆ.

ಆದುದರಿಂದಲೇ ತಾಯಿ ಕಾರ್ಡಿನಲ್ಲಿ ರೇಖಾನಕ್ಷೆಯನ್ನು ಮುದ್ರಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಳತೆಗಳು ಇದಕ್ಕೆ ಆಧಾರ. ಗಂಡು ಮತ್ತು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ನಕ್ಷೆಗಳಿವೆ. ನಿಮ್ಮ ಮಗುವಿಗೆ ಸಲ್ಲುವುದರಲ್ಲೇ ಬರೆಯಿಸಿರಿ. ಅಡಿಯಲ್ಲಿ ವಯಸ್ಸು, ಬದಿಯಲ್ಲಿ ತೂಕ. ಎರಡೂ ಸಂಧಿಸುವಲ್ಲಿ ಚುಕ್ಕೆಯಿಟ್ಟು, ಹಿಂದಿನ ಚುಕ್ಕೆಗೆ ಕೂಡಿಸಬೇಕು.

ಮೇಲೆ ಹೇಳಿದ ಮಗುವಿನ ಚುಕ್ಕೆ ಒಂಬತ್ತನೆಯ ತಿಂಗಳಲ್ಲಿಯೂ ಹಸಿರು ಪಟ್ಟಿಯೊಳಗೇ ಇರುತ್ತದೆ. ಹಾಗೆಂದು ನಿಶ್ಚಿಂತರಾಗಬಾರದು. ಗೆರೆ ಏರಿದರೆ ಸಂತೋಷ, ಅಡ್ಡವಾದರೆ ಎಚ್ಚರಿಕೆ, ಇಳಿದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಗೆರೆ ಅಡ್ಡವಾದಾಗ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯ ಸಲಹೆ ಪಡೆಯಿರಿ. ಭೇದಿ, ಜ್ವರ, ಕೆಮ್ಮು ಇದ್ದಿತೇ ಎಂದು ತಿಳಿಸಿರಿ. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನೊಡನೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಬೇಳೆ, ಸೊಪ್ಪುಗಳನ್ನು ತುಸು ತುಪ್ಪ ಅಥವಾ ಎಣ್ಣೆ ಬೆರೆಸಿ, ದಿನಕ್ಕೆ ಹಲವು ಸಲ ಉಣಿಸಿರಿ.

ಇದು ತಾಯಿಯೊಬ್ಬಳ ಕೆಲಸವಲ್ಲ. ತಂದೆಯೂ ತೂಕದ ದಿನ ಜೊತೆಗೆ ಹೋಗಲಿ, ಗೆರೆಯನ್ನು ಓದಲು ಕಲಿಯಲಿ.

ಅಭ್ಯಾಸ: ಇಂದು ಸಂಜೆ ಇಬ್ಬರೂ ಕುಳಿತು ತಾಯಿ ಕಾರ್ಡನ್ನು ತೆರೆಯಿರಿ. ಕಡೆಯ ಮೂರು ಚುಕ್ಕೆಗಳು ಯಾವ ಕಡೆಗೆ ಸಾಗಿವೆ?