ರಿಪೋರ್ಟ್‌ಗೆ ಸಹಿ ಹಾಕುವ ಮುನ್ನ: ಲ್ಯಾಬ್ ಟೆಕ್ನಿಷಿಯನ್ನರಿಗೆ ಯಶಸ್ಸಿನ ಸೂತ್ರಗಳು

ಬಳ್ಳಾರಿಯಿಂದ ಜೇವರ್ಗಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದರ ಹಿಂದೊಂದು ಸಿಗುತ್ತವೆ. ಡಿಎಂಎಲ್‌ಟಿ ಮುಗಿಸಿ ಈ ಊರುಗಳ ಲ್ಯಾಬುಗಳಲ್ಲಿ ಕೆಲಸಕ್ಕೆ ನಿಂತವರಿಗೆ, ಸರ್ಕಾರಿ ನೇಮಕಾತಿಗೆ ಓದುತ್ತಿರುವವರಿಗೆ ಈ ಮಾತು. ರಾಯಚೂರಿನ ರಿಮ್ಸ್‌ಗೆ ಬಸ್ ಹತ್ತಬೇಕೋ ಬೇಡವೋ ಎಂಬುದನ್ನು ಕೂಲಿ ಬಿಟ್ಟು ಬಂದ ರೋಗಿ ಎಷ್ಟೋ ಸಲ ನಿಮ್ಮ ಕಾಗದ ನೋಡಿಯೇ ತೀರ್ಮಾನಿಸುತ್ತಾನೆ. ಯಂತ್ರ ಅಂಕಿ ಕೊಡುತ್ತದೆ. ಅದನ್ನು ನಂಬಬಹುದೇ ಎಂದು ಹೇಳಬೇಕಾದವರು ನೀವು.

1. ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಿ. ಮಸ್ಕಿ ಮಲ್ಲಿಕಾರ್ಜುನ, ಗುರುಗುಂಟಾ ಅಮರೇಶ್ವರ ಈ ಸೀಮೆಯ ದೇವರು. ಪಾಳಿಯಲ್ಲಿ ಇಬ್ಬರು ಮಲ್ಲಪ್ಪ, ಇಬ್ಬರು ಅಮರೇಶ ಕೂತಿರುವುದು ಸಹಜ. "ನೀವು ಅಮರೇಶ ಅಲ್ಲೇನ್ರಿ?" ಎಂದರೆ ಜ್ವರದಲ್ಲಿ ಬಂದವರು "ಹೂನ್ರಿ" ಎಂದುಬಿಡುತ್ತಾರೆ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ವಯಸ್ಸು ಕೇಳಿ, ಲೇಬಲನ್ನು ಅವರೆದುರಿಗೇ ಅಂಟಿಸಿ. ರಕ್ತದ ಗುಂಪಿನ ಪರೀಕ್ಷೆಯಲ್ಲಿ ಟ್ಯೂಬು ಅದಲುಬದಲಾದರೆ ಜೀವಕ್ಕೇ ಕುತ್ತು.

2. ಖಾಲಿ ಹೊಟ್ಟೆಯ ಪರೀಕ್ಷೆಗೆ ಬಂದವರನ್ನು "ಚಾ ಕುಡಿದೀರೇನ್ರಿ?" ಎಂದು ಬಿಡಿಸಿ ಕೇಳಿ. "ಏನೂ ತಿಂದಿಲ್ರಿ" ಅನ್ನುವವರು ಸಕ್ಕರೆ ಹಾಕಿದ ಚಾ ಕುಡಿದೇ ಬಂದಿರಬಹುದು.

3. ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನನ್ನ ಮಟ್ಟಿಗೆ ಈ ಭಾಗದ ಲ್ಯಾಬುಗಳಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದು. ಟ್ಯೂಬಿನೊಳಗೂ ರಕ್ತಕಣಗಳು ಗ್ಲೂಕೋಸ್ ಬಳಸುತ್ತಲೇ ಇರುತ್ತವೆ: ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇ. 5ರಿಂದ 7ರಷ್ಟು. ಖಾಲಿ ಹೊಟ್ಟೆಯಲ್ಲಿ 130 ಇದ್ದ ಶುಗರ್ ಎರಡು ಗಂಟೆಯಲ್ಲಿ 115ರ ಆಸುಪಾಸಿಗೆ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಗಡಿ 126. ಅಂದರೆ ಕಾಯಿಲೆ ಇದ್ದವರು ಇಲ್ಲವೆಂದುಕೊಂಡು ಮನೆಗೆ ಹೋಗುತ್ತಾರೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ, ಹಳ್ಳಿಯ ಕಲೆಕ್ಷನ್ ಸೆಂಟರಿನಿಂದ ಬೈಕಿನಲ್ಲಿ ಬರುವ ಸ್ಯಾಂಪಲ್ಲಿನ ಇಳಿತ ಇನ್ನೂ ಜೋರು. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಇದೆಯೆಂದು ನಿಶ್ಚಿಂತರಾಗಬೇಡಿ. ಫ್ಲೋರೈಡ್ ತಡೆಯುವುದು ಇನೋಲೇಸ್ ಎಂಬ ಕಿಣ್ವವನ್ನು. ಅದರ ಹಿಂದಿನ ಹಂತಗಳು ನಡೆದೇ ಇರುವುದರಿಂದ ಮೊದಲ ಒಂದೆರಡು ಗಂಟೆ ಗ್ಲೂಕೋಸ್ ಇಳಿಯುತ್ತದೆ. ಐಸ್ ಬಾಕ್ಸಿನಲ್ಲಿ ತನ್ನಿ, ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾ ಬೇರ್ಪಡಿಸಿ. ಆದರೆ ಪೊಟ್ಯಾಶಿಯಂ ಪರೀಕ್ಷೆಯ ರಕ್ತವನ್ನು ಐಸಿನಲ್ಲಿಡಬೇಡಿ: ಚಳಿಗೆ ಕಣಗಳ ಸೋಡಿಯಂ-ಪೊಟ್ಯಾಶಿಯಂ ಪಂಪ್ ನಿಧಾನವಾಗಿ, ಪೊಟ್ಯಾಶಿಯಂ ಹೊರಗೆ ಸೋರುತ್ತದೆ.

4. ಟ್ಯೂಬುಗಳ ಸರದಿ ಬಾಯಿಪಾಠವಾಗಿರಲಿ: ನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಬೂದು. ನೇರಳೆ ಟ್ಯೂಬಿನ ಪೊಟ್ಯಾಶಿಯಂ ಇಡಿಟಿಎ ಚೂರು ಬೆರೆತರೂ ಪೊಟ್ಯಾಶಿಯಂ ಏರಿ ಕ್ಯಾಲ್ಸಿಯಂ ಕುಸಿಯುತ್ತದೆ. ಪರೀಕ್ಷೆಗೆ ಓದುವವರು ಸರದಿಯ ಜೊತೆಗೆ ಕಾರಣವನ್ನೂ ಕಲಿಯಿರಿ. ಪ್ರಶ್ನೆ ತಿರುಗಿಸಿ ಕೇಳಿದರೂ ಉತ್ತರ ತಪ್ಪುವುದಿಲ್ಲ.

5. ಪ್ಲೇಟ್‌ಲೆಟ್ ಕಡಿಮೆ ಬಂದರೆ ಸ್ಲೈಡ್ ನೋಡಿ. ಡೆಂಗಿ ದಿನಗಳಲ್ಲಿ ಯಂತ್ರ 40,000 ತೋರಿಸಿದ ಕೂಡಲೇ ಮನೆಯವರ ಕೈಕಾಲು ನಡುಗುತ್ತವೆ. ಕೆಲವರ ರಕ್ತದಲ್ಲಿ ಇಡಿಟಿಎ ತಾಗಿದಾಗ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಯಂತ್ರ ಆ ಗುಂಪುಗಳನ್ನು ಎಣಿಸುವುದಿಲ್ಲ. ಸ್ಮಿಯರ್‌ನಲ್ಲಿ ಗುಂಪು ಕಂಡರೆ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು, ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿ.

6. ಹಿಮೋಗ್ಲೋಬಿನ್ನಿನ ಮೂರು ಪಟ್ಟು ಹೆಮಟೋಕ್ರಿಟ್‌ಗೆ ಹತ್ತಿರವಿರಬೇಕು. ಇಲ್ಲದಿದ್ದರೆ, ಕಣಗಳ ಗಾತ್ರ ಸರಿಯಿದ್ದೂ ಹೀಗಾದರೆ, ಸ್ಯಾಂಪಲ್ಲನ್ನು ಇನ್ನೊಮ್ಮೆ ನೋಡಿ.

7. ನಿಮ್ಮ ತಾಲ್ಲೂಕಿನ ಕಾಯಿಲೆಗಳನ್ನು ಓದಿ. ತುಂಗಭದ್ರಾ ಎಡದಂಡೆ ನಾಲೆಯ ನೀರಿನಲ್ಲಿ ಸಿಂಧನೂರು ಸೀಮೆ ಭತ್ತ ಬೆಳೆಯುತ್ತದೆ. ಬೆಳೆಗೆ ಎಣ್ಣಿ (ಕೀಟನಾಶಕ) ಹೊಡೆಯುವವರಲ್ಲಿ, ಎಣ್ಣಿ ಕುಡಿದವರಲ್ಲಿ ಆರ್ಗನೋಫಾಸ್ಫೇಟ್ ವಿಷ ಕಾಣುತ್ತೀರಿ. ಆಗ ಸೀರಂ ಕೋಲಿನೆಸ್ಟರೇಸ್ ಇಳಿದಿರುತ್ತದೆ. ಸಹಜ ಮಟ್ಟ ಒಬ್ಬರಿಂದೊಬ್ಬರಿಗೆ ಬೇರೆಯಾಗುವುದರಿಂದ ಒಂದೇ ಅಂಕಿಗಿಂತ ದಿನದಿನದ ಏರಿಳಿತ ವೈದ್ಯರಿಗೆ ಹೆಚ್ಚು ನೆರವಾಗುತ್ತದೆ. ವಿಷ ತಗುಲಿದವರ ಬಟ್ಟೆ, ಚರ್ಮದ ಮೇಲೂ ಅದು ಇರುತ್ತದೆ, ಕೈಗವಸು ಬಿಡಬೇಡಿ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿಯಿದೆ. ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶ ಸೇರಿದವರಿಗೆ ಕ್ಷಯ ಬರುವ ಸಂಭವ ಹೆಚ್ಚು. ಗಣಿಯಲ್ಲಿ ದುಡಿದವರ ಕಫ ಬಂದರೆ ಮೊದಲು ಅದು ಕಫವೋ ಉಗುಳೋ ನೋಡಿ. 100 ಫೀಲ್ಡ್ ನೋಡದೆ ನೆಗೆಟಿವ್ ಬರೆಯಬೇಡಿ.

8. ಕಂಟ್ರೋಲ್ ಮೊದಲು, ರೋಗಿ ಆಮೇಲೆ. 3 ಎಸ್‌ಡಿ ದಾಟಿತೇ, ಅಥವಾ ಸತತ ಎರಡು ಸಲ ಒಂದೇ ಬದಿಗೆ 2 ಎಸ್‌ಡಿ ದಾಟಿತೇ? ಅಲ್ಲಿಗೇ ನಿಲ್ಲಿಸಿ. ಹೊರಗೆ ಎಷ್ಟೇ ಜನ ಕಾಯುತ್ತಿರಲಿ, ಕಾರಣ ಸಿಗುವ ತನಕ ರಿಪೋರ್ಟ್ ಕೊಡಬೇಡಿ.

9. ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಬಿಳಿ ಡಬ್ಬಿಗೆ ಹಾಕಿ. ಚುಚ್ಚಿದರೆ ಸೋಪು ನೀರಿನಿಂದ ತೊಳೆದು ಕೂಡಲೇ ವೈದ್ಯರಿಗೆ ತಿಳಿಸಿ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರು ಮಾಡಲೇಬೇಕು, ಮೊದಲ ಎರಡು ಗಂಟೆಯಲ್ಲಾದರೆ ಒಳ್ಳೆಯದು.

10. ಪೊಟ್ಯಾಶಿಯಂ 6.5 ದಾಟಿದ್ದು, ಹಿಮೋಗ್ಲೋಬಿನ್ 5ಕ್ಕಿಂತ ಕೆಳಗಿಳಿದದ್ದು ಸಂಜೆಯ ರಿಪೋರ್ಟ್‌ಗೆ ಕಾಯುವ ಅಂಕಿಗಳಲ್ಲ. ವೈದ್ಯರಿಗೆ ಫೋನ್ ಮಾಡಿ, ಅಂಕಿಯನ್ನು ಅವರಿಂದ ತಿರುಗಿ ಹೇಳಿಸಿ, ಹೇಳಿದ ಸಮಯವನ್ನೂ ಕೇಳಿಸಿಕೊಂಡವರ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆಯಿರಿ.